ದಾಳಿಂಬೆ ಯಾರ ಕಡೆ?

ಹಲ್ಲಿನ ಡಾಕ್ಟರ ಬಾಗಿಲಲ್ಲಿ ದವಡೆ ಹಿಡಿದು ಕುಳಿತಿದ್ದ ದರ್ಜಿಗೆ ಪಕ್ಕದ ಬೆಂಚಿನ ಓರಗಿತ್ತಿಯರ ಮಾತು ಕಿವಿಗೆ ಬಿತ್ತು. ಅವರ ಅತ್ತೆ ಒಳಗೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು.

“ಅಕ್ಕಾ, ಅತ್ತೆ ನಿಮ್ಮ ಹತ್ರ ಮಾತು ಬಿಟ್ಟಿದ್ದಾರಂತೆ?”

“ಹೌದು ಕಣೇ. ಹಿತ್ತಲ ಹಳೇ ದಾಳಿಂಬೆ ಗಿಡದಿಂದ.”

“ಅಯ್ಯೋ, ಒಣಗಿಸಿಬಿಟ್ರಾ?”

“ಒಣಗಿದ್ರೆ ಬೈದು ಸುಮ್ಮನಾಗ್ತಿದ್ರು. ಒಣಕೊಂಬೆಯೆಲ್ಲ ಕತ್ತರಿಸಿ, ಬುಡದ ಮಣ್ಣು ಸಡಿಲ ಮಾಡಿ, ಗೊಬ್ಬರ ಹಾಕ್ದೆ. ಈಗ ಮೈತುಂಬ ಹೂವು!”

“ಒಳ್ಳೇದೇ ಆಯ್ತಲ್ಲ?”

“ಅವರು ವರ್ಷಗಟ್ಟಲೆ ನೀರೆರೆದಾಗ ಒಂದು ಮೊಗ್ಗೂ ಬಿಡಲಿಲ್ಲವಂತೆ. ಬೆಳಿಗ್ಗೆ ಗಿಡದ ಮುಂದೆ ನಿಂತು, ‘ನೀನೂ ಅವಳ ಕಡೆ ಸೇರ್ಕೊಂಡ್ಯಾ?’ ಅಂತ ಕೇಳ್ತಿದ್ರು.”

“ನೀವೇನಂದ್ರಿ?”

“ನನ್ನ ಕೇಳಿದ್ರೆ ತಾನೇ!”

ನಗು ತಡೆಯಲು ಹೋದ ದರ್ಜಿಯ ಹಲ್ಲು ಜುಮ್ಮೆಂದಿತು. ಅಷ್ಟರಲ್ಲಿ ಅತ್ತೆ ಹತ್ತಿ ಕಚ್ಚಿಕೊಂಡು ಹೊರಬಂದರು. ಹಿರಿಸೊಸೆ ಎದ್ದು ಕೈ ಹಿಡಿದಳು.

“ಅತ್ತೆ, ಗಿಡದ ಮೊದಲ ಹಣ್ಣು ನಿಮಗೇ.”

ಅತ್ತೆ ಹತ್ತಿಯ ಸಂದಿಯಿಂದ ಏನೋ ಗೊಣಗಿದರು.

“ಏನಂತೆ?” ಎಂದಳು ಕಿರಿಯಳು.

“ಅಗಿಯೋಕಾಗಲ್ಲ, ರಸ ಹಿಂಡಿಕೊಡು ಅಂತಿದ್ದಾರೆ.” ಹಿರಿಯಳ ಮುಖ ಅರಳಿತು. “ಮಾತಾಡಿದ್ರು ಕಣೇ!”

ಅತ್ತೆಯನ್ನು ನಡುವೆ ಹಿಡಿದುಕೊಂಡು ಇಬ್ಬರೂ ಮೆಟ್ಟಿಲಿಳಿದು ಹೋದರು.