ನಮ್ಮ ವಾರ್ಡಿನ ಪ್ರವಾಸಿ ತಾಣಗಳು

...ಇನ್ನೂ ಅಗಲ, ಅಪ್ಪಾ. ಇನ್ನೂ. ಮೈಕ್ ಮುಂದೆ ಬಾಯಿ ಎಷ್ಟು ಅಗಲ ತೆಗೀತೀರೋ ಅಷ್ಟು ತೆಗೀರಿ, ಸಾಕು... ಹಾಂ! ಹಾಗೆ. ಈಗ ಮುಚ್ಚೋ ಹಾಗಿಲ್ಲ, ಮಾತಾಡೋ ಹಾಗೂ ಇಲ್ಲ. ಅಯ್ಯೋ, ಹಾಗೆ ಕೆಕ್ಕರಿಸಿ ನೋಡ್ಬೇಡಿ. ನಾನೀಗ ನಿಮ್ಮ ಮಗಳಲ್ಲ, ಹಲ್ಲಿನ ಡಾಕ್ಟರು. ಈ ಕುರ್ಚಿ ಮೇಲೆ ಮಲಗಿದ್ರೆ ವಾರ್ಡ್ ಮೆಂಬರೂ ಒಂದೇ, ಹಾಲು ಹಾಕೋನೂ ಒಂದೇ. ನೋವಾದ್ರೆ ಎಡಗೈ ಎತ್ತಿ. ಬಲಗೈ ಬೇಡ, ಅದನ್ನ ಎತ್ತಿದ್ರೆ ವೋಟು ಕೇಳ್ತಿದೀರಿ ಅನ್ಸತ್ತೆ.

ಹುಟ್ಟಿದಾಗಿಂದ ನೀವು ಮಾತಾಡಿದ್ದು ನಾನು ಕೇಳಿದ್ದು. ಇವತ್ತೊಂದು ದಿನ ನನ್ನ ಸರದಿ. ಬಿಡ್ತೀನಾ?

ಬಾದಾಮಿ ಕಡಿದೆ, ಹಲ್ಲು ಮುರೀತು ಅಂತ ಅಮ್ಮನ ಹತ್ರ ಹೇಳಿದ್ರಂತೆ. ಬಾದಾಮಿನ ಯಾರಾದ್ರೂ ಮುಂದಿನ ಹಲ್ಲಲ್ಲಿ ಕಡೀತಾರಾ ಅಪ್ಪಾ? ಅಳಿಲು ಕಡಿಯತ್ತೆ. ಗದ್ದ ಬೇರೆ ತರಚಿದೆ. ಬಾದಾಮಿ ಗದ್ದಕ್ಕೂ ಹೊಡೀತಾ? ಸರಿ ಸರಿ, ಕಣ್ಣು ಮುಚ್ಕೊಳ್ಳಿ, ಲೈಟು ಚುಚ್ಚತ್ತೆ. ನನಗೇನು, ಮುರಿದ ಮೂಲೆ ಕಟ್ಟಿಕೊಡೋದಷ್ಟೇ ನನ್ನ ಕೆಲಸ.

ಹೊರಗೆ ನಿಮ್ಮ ಮೈಕು ಕಾಯ್ತಿದಾನೆ. ಯಾರು ಅಂತ ಹುಬ್ಬು ಹಾರಿಸ್ಬೇಡಿ. ನೀವು ನಿಂತಲ್ಲೆಲ್ಲ ಮೈಕ್ ಹಿಡ್ಕೊಂಡು ಓಡಿ ಬರ್ತಾನಲ್ಲ, ನಿಮ್ಮ ಬಲಗೈ ಬಂಟ, ಅವನೇ. ಬಂದವನೇ ಹೇಳ್ದ, "ಡಾಕ್ಟ್ರಮ್ಮಾ, ಸಾಹೇಬ್ರನ್ನ ಬೇಗ ಬಿಟ್ಟುಬಿಡಿ. ಸಂಜೆ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕು, ಆ ಜೆರಾಕ್ಸ್ ಅಂಗಡಿ ಕನ್ನಡಕದ ಹುಡುಗನ ಮೇಲೆ ಕಂಪ್ಲೇಂಟು" ಅಂತ. ಅಪ್ಪಾ, ನಿಜವಾಗ್ಲೂ ಕೊಡ್ತೀರಾ?... ತಲೆ ಆಡಿಸ್ಬೇಡಿ! ನನ್ನ ಕೈಯಲ್ಲಿ ಡ್ರಿಲ್ಲಿದೆ.

ಪಾಪ, ಆ ಕನ್ನಡಕ ಮಾಡಿದ್ದಾದ್ರೂ ಏನು? ಕಂಪ್ಯೂಟರ್ ಮುಂದೆ ಕೂರ್ತಾನೆ, ಒಂದ್ಸಲ ಚರಂಡಿ ವಿಷಯಕ್ಕೆ ನಿಮ್ಮ ಜೊತೆ ಜೋರಾಗಿ ಮಾತಾಡ್ದ. ಅಷ್ಟಕ್ಕೇ ಆ ಪುಟ ಬರೆಯೋನು ಅವನೇ ಅಂತ ತೀರ್ಮಾನವಾ? ಇಂಟರ್ನೆಟ್ಟಿನಲ್ಲಿ ಯಾರೋ ತಮಾಷೆಗೆ ‘ನಮ್ಮ ವಾರ್ಡಿನ ಪ್ರವಾಸಿ ತಾಣಗಳು’ ಅಂತ ಬರೀತಾರೆ, ಅದಕ್ಕೆ ಇವನು ಅಂಗಡಿ ಮುಚ್ಚಿ ಸ್ಟೇಷನ್ನಲ್ಲಿ ಕೂರ್ಬೇಕಾ? ಮುಂದಿನ ವಾರ ಎಲೆಕ್ಷನ್ನು, ಗೊತ್ತು. ಜನ ನಗ್ತಿದಾರೆ, ಅದೂ ಗೊತ್ತು. ಆದ್ರೂ...

ಪೈಪಿಗೆ ನಾಲಿಗೆ ಕೊಡ್ಬೇಡಿ, ಅದು ನೀರು ಹೀರ್ಲಿ.

ಅಲ್ಲಾ, ಬರೆದಿರೋದು ಮಜವಾಗೇ ಇದೆ ಅಲ್ವಾ? ‘ತಾಣ ಒಂದು: ಬಸ್ ಸ್ಟಾಪಿನ ಸರೋವರ. ವರ್ಷವಿಡೀ ನೀರು. ಪ್ರವೇಶ ಉಚಿತ, ಹೊರಗೆ ಬರುವುದು ಅವರವರ ಜವಾಬ್ದಾರಿ.’ ಆಮೇಲೆ ಆ ಕಸದ ಗುಡ್ಡ... ‘ಸೂರ್ಯಾಸ್ತ ನೋಡಲು ಪ್ರಶಸ್ತ ಸ್ಥಳ. ಮೂಗನ್ನು ಮನೆಯಲ್ಲಿ ಬಿಟ್ಟು ಬನ್ನಿ.’ ಯಾಕೆ ನಗ್ತೀರಾ? ನಕ್ರಿ! ಹೊಟ್ಟೆ ಕುಣೀತು, ನಾನು ನೋಡ್ದೆ! ಬಾಯಿ ಹಿಡಿದಿಟ್ರೂ ಹೊಟ್ಟೆ ಹಿಡಿಯೋಕಾಗಲ್ಲ.

ನಮ್ಮ ವಯಸ್ಸಿನವರು ಹೀಗೇ ಅಪ್ಪಾ. ನನ್ನೇ ತಗೊಳ್ಳಿ. ಒಬ್ಬ ಪೇಷೆಂಟು ಹೋಗಿ ಇನ್ನೊಬ್ಬರು ಬರೋ ಅಷ್ಟರಲ್ಲಿ ನಾನು ಎಲ್ಲೆಲ್ಲೋ ಸುತ್ತಿ ಬಂದಿರ್ತೀನಿ. ಈ ಸ್ಕ್ರೀನ್ ಮೇಲೇ. ಸಮುದ್ರದಾಚೆ ಒಂದೂರಿದೆ, ಅದರ ಬೀದಿ ಬೀದಿ ನನಗೆ ಗೊತ್ತು. ಯಾವ ತಿರುವಲ್ಲಿ ಬೇಕರಿ, ಯಾವ ಮನೆ ಮುಂದೆ ಹಳದಿ ಸೈಕಲ್ಲು... ಅಲ್ಲಿನ ಮೇಯರು ಯಾರು, ಹೋದ ಸಲ ಎಷ್ಟು ವೋಟಲ್ಲಿ ಗೆದ್ರು, ಅದೂ ಗೊತ್ತು! ಹೋಗಿದ್ದು ಮಾತ್ರ ಇಲ್ಲ. ಟಿಕೆಟ್ ನೋಡ್ತೀನಿ, ರೇಟು ನೋಡ್ತೀನಿ, ಸ್ಕ್ರೀನ್ ಆರಿಸ್ತೀನಿ. ಒಂದಿನ ಅನ್ನಿಸ್ತು, ಅಲ್ಲಾ, ಅಲ್ಲೆಲ್ಲೋ ಸೈಕಲ್ ಬಣ್ಣ ಗೊತ್ತಿರೋಳಿಗೆ ನಮ್ಮ ಹಿಂದಿನ ಬೀದೀಲಿ ಏನಿದೆ ಗೊತ್ತಿಲ್ವಲ್ಲ ಅಂತ. ಕ್ಲಿನಿಕ್ ಬಾಗಿಲು ಹಾಕಿ, ಕ್ಯಾಮೆರಾ ತಗೊಂಡು, ಪರದೇಶದವಳ ಥರ ನಮ್ಮ ವಾರ್ಡಲ್ಲೇ ಒಂದು ಸುತ್ತು ಹೊರಟೆ...

ವಾಕಿಂಗು! ವಾಕಿಂಗಿಗೆ ಹೊರಟೆ ಅಂದೆ. ಆರೋಗ್ಯಕ್ಕೆ ಒಳ್ಳೇದು. ಏನ್ ಹಾಗೆ ನೋಡ್ತೀರಾ? ಮೇಲೆ ನೋಡಿ, ಲೈಟ್ ನೋಡಿ.

ಈಗ ಮುಲಾಮಿನ ಥರ ಒಂದು ಹಚ್ತೀನಿ, ಆಮೇಲೆ ನೀಲಿ ಲೈಟು. ಅಲ್ಲಾಡ್ಬೇಡಿ... ತುಟಿ ಒಳಗೆ ಇನ್ನೂ ಮರಳಿದೆ. ಸಿಮೆಂಟ್ ಮರಳು. ಬಾದಾಮಿ ಒಳಗೆ ಮರಳಿತ್ತಾ? ಹೋಗ್ಲಿ ಬಿಡಿ, ನಾನೇ ಹೇಳ್ತೀನಿ. ತಾಣ ಏಳು. ಲೈಬ್ರರಿ ಗೇಟಿನ ಮುಂದೆ, ಮರಳು ರಾಶಿ ಪಕ್ಕ, ಚರಂಡಿ ಮೇಲಿನ ಮೂರನೇ ಕಲ್ಲು. ‘ಕಾಲಿಟ್ಟರೆ ಉಯ್ಯಾಲೆ. ದೀಪದ ಕಂಬ ಇದೆ, ದೀಪ ಇಲ್ಲ.’ ನಿನ್ನೆ ಸಂಜೆ ಕಾರು ಇಲ್ದೆ, ಮೈಕು ಇಲ್ದೆ, ನೀವೊಬ್ರೇ ಹೋಗಿದ್ರಿ. ನಿಜವೋ ಸುಳ್ಳೋ ನೋಡೋಕೆ. ಹೌದು ತಾನೇ?... ಎಡಗೈ ಯಾಕೆ ಎತ್ತಿದ್ರಿ? ನೋವಾಯ್ತಾ? ಅಲ್ಲಿ ನೋವಾಗೋ ಹಾಗಿಲ್ಲ, ಮರಗಟ್ಟಿಸಿದೀನಿ. ಬೇರೆ ಎಲ್ಲೋ ನೋವಾಗಿರ್ಬೇಕು.

ಯಾರಿಗೂ ಹೇಳಲ್ಲ ಬಿಡಿ. ಪಾರ್ಕಿನ ಒಣ ಕಾರಂಜಿ ಹತ್ರ ಹೋಗ್ಲಿಲ್ವಲ್ಲ, ಪುಣ್ಯ. ಅದರ ಕಥೆ ಇನ್ನೂ ಮಜಾ! ತಾಣ ಎಂಟು. ‘ಕಾರಂಜಿ ನೋಡಬೇಕಾದವರು ಮಳೆಗಾಲದಲ್ಲಿ ಕೊಡೆ ಇಲ್ಲದೆ ಬನ್ನಿ.’ ಹಹ್ಹ... ಏನು? ಯಾಕೆ ಬೆರಳು ತೋರಿಸ್ತೀರಾ? ಐದು... ಎರಡು... ಏಳು? ಏಳೇ ಇರೋದಾ? ಎಂಟನೇದು ಬಂದೇ ಇಲ್ವಾ?

ಇಲ್ಲ, ಬಂದಿದೆ. ಎಲ್ಲೋ ಓದ್ದೆ ನಾನು. ಅಥವಾ ಕನ್ನಡಕ... ಛೆ, ಅವನಲ್ಲ, ಅವನಿಗೇನೂ ಗೊತ್ತಿಲ್ಲ! ಯಾರೋ ಪೇಷೆಂಟು ಹೇಳಿರ್ಬೇಕು. ದಿನಕ್ಕೆ ಎಷ್ಟು ಜನ ಬರ್ತಾರೆ ಇಲ್ಲಿಗೆ... ಅಲ್ಲಾ, ನಿಮಗೆ ಹೇಗೆ ಗೊತ್ತು ಏಳೇ ಅಂತ? ಎಲ್ಲಾನೂ ಓದಿದೀರಾ? ದಿನಾ ನೋಡ್ತೀರಾ?

ಕಾಗದ ಕಚ್ಚಿ. ಮೆಲ್ಲಗೆ. ಸರಿಯಾಗಿ ಕೂತಿದೆ. ಬಾಯಿ ಮುಕ್ಕಳಿಸಿ ಉಗೀರಿ... ಆಯ್ತು. ಹತ್ತಿ ತೆಗ್ದೆ, ಪೈಪು ತೆಗ್ದೆ. ಮುಗೀತು. ಈಗ ಮಾತಾಡ್ಬಹುದು.

ಮೇಲಿನ ತುಟಿ ಮಾತ್ರ ಮರಗಟ್ಟಿರೋದು ಅಪ್ಪಾ, ಮಾತು ಬರತ್ತೆ.

ಬೈಯೋದಿದ್ರೆ ಬೈದುಬಿಡಿ. ನೀವು ಸುಮ್ಮನೆ ಕೂರೋ ಮನುಷ್ಯರೇ ಅಲ್ಲ. ಸಿಟ್ಟು ಬಂದ್ರೂ ಭಾಷಣ, ಸಂತೋಷ ಆದ್ರೂ ಭಾಷಣ. ನೀವು ಹೀಗೆ ಸುಮ್ಮನಿದ್ರೆ ನನಗೆ ಭಯ ಆಗತ್ತೆ... ಅಪ್ಪಾ?

ನೋಡಿ, ಅದನ್ನ ಬರೆದೋರು ಯಾರೇ ಆಗಿರ್ಲಿ, ನಿಮ್ಮ ಮಾನ ಕಳೀಬೇಕು ಅಂತ ಬರೆದಿರಲ್ಲ. ಅವರಿಗೆ... ಅವರಿಗೆ ನೆನಪಿರತ್ತೆ, ಮೊದಲನೇ ಸಲ ಗೆದ್ದಾಗ ನೀವು ದಿನಾ ಬೆಳಿಗ್ಗೆ ವಾರ್ಡೆಲ್ಲ ನಡ್ಕೊಂಡು ಹೋಗ್ತಿದ್ರಿ. ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು. ಈ ನಲ್ಲಿ ನಾನು ಹಾಕಿಸಿದ್ದು, ಈ ದೀಪ ನಾನು ಹಾಕಿಸಿದ್ದು ಅಂತ ತೋರಿಸ್ಕೊಂಡು. ಅವಳು ನೋಡಿದ ಮೊದಲನೇ ಪ್ರವಾಸ ಅದೇ. ಆಮೇಲೆ ಕಾರು ಬಂತು. ಆಮೇಲೆ ಕಾರಿನ ಗಾಜು ಮೇಲೆ ಹೋಯ್ತು. ಎದುರಿಗೆ ಕೂತು ಹೇಳಿದ್ರೆ ನೀವು ಕೇಳ್ತಿದ್ರಾ? ಊಟಕ್ಕೆ ಕೂತಾಗ ಎಷ್ಟು ಸಲ ಶುರು ಮಾಡಿದೀನಿ... ಶುರು ಮಾಡಿರ್ತಾರೆ, ಅವರು, ಯಾರೋ. ಇಳಿದು ನಡೀಲಿ, ಅಷ್ಟೇ ಅವರ ಆಸೆ. ಬೀಳ್ಲಿ ಅಂತಲ್ಲ. ದೇವರಾಣೆ, ಬೀಳ್ಲಿ ಅಂತ ಅಲ್ಲ ಅಪ್ಪಾ...

ಮೊಬೈಲ್ ಯಾಕೆ ತೆಗೆದ್ರಿ? ಯಾರಿಗೆ ಟೈಪ್ ಮಾಡ್ತಿದೀರಾ? ಮೈಕಿಗಾ? ಸ್ಟೇಷನ್ನಿಗಾ? ಬೇಡ ಅಪ್ಪಾ, ಕನ್ನಡಕದ ಮೇಲೆ ಬೇಡ, ನಾನು...

ಟಿಂಗ್ ಅಂತು.

ಅದು... ನನ್ನ ಫೋನು. ಆ ಟ್ರೇ ಮೇಲೆ. ಪುಟಕ್ಕೆ ಮೆಸೇಜ್ ಬಂದ್ರೆ ಹಾಗೆ ಟಿಂಗ್... ಪುಟಕ್ಕೆ ಕಳಿಸಿದ್ರಾ?

ಹಾಗೆ ನೋಡ್ಬೇಡಿ. ಓದ್ತೀನಿ, ಓದ್ತೀನಿ. ‘ಪ್ರವಾಸಿಯ ಅನುಭವ. ತಾಣ ಏಳು. ಬರೆದದ್ದೆಲ್ಲ ನಿಜ. ದೀಪ ಇಲ್ಲ, ಕಲ್ಲು ಅಲ್ಲಾಡುತ್ತದೆ. ಒಂದು ಹಲ್ಲು ಮುರಿಯಿತು. ಮಗಳು ಕಟ್ಟಿಕೊಟ್ಟಳು.’

ಕೆಳಗೆ ನಿಮ್ಮ ಹೆಸರೂ ಹಾಕಿದೀರಲ್ಲ ಅಪ್ಪಾ. ಇದನ್ನ ಪುಟಕ್ಕೆ ಹಾಕ್ಲಾ? ಎಲೆಕ್ಷನ್ನಿಗೆ ಒಂದು ವಾರ ಇರೋವಾಗ? ಎದುರು ಪಾರ್ಟಿಯವರು ಇದನ್ನೇ ಹಿಡ್ಕೊಂಡು ಬೀದಿ ಬೀದಿ ಓದ್ತಾರೆ. ಸೋತುಹೋಗ್ತೀರಿ... ಆದ್ರೂ ಹಾಕ್ಲಾ?

ಎಲ್ಲಿಗೆ ಎದ್ರಿ? ಮೈಕು ಕಾರನ್ನ ಈ ಕಡೆ ನಿಲ್ಸಿದಾನೆ, ಆ ಕಡೆ ಜೆರಾಕ್ಸ್ ಅಂಗಡಿ... ಕನ್ನಡಕದ ಹತ್ರಾನಾ? ನಡ್ಕೊಂಡು? ಅಪ್ಪಾ, ಅಪ್ಪಾ! ಒಂದು ನಿಮಿಷ ತಾಳಿ, ಕೋಟು ಬಿಚ್ಚಿ ನಾನೂ ಬರ್ತೀನಿ. ಲೈಬ್ರರಿ ಮುಂದೆ ಹೋಗ್ಬೇಡಿ, ಈ ಕಡೆಯಿಂದ ಹೋಗೋಣ... ಬೇಡ್ವಾ? ಅಲ್ಲೇ ಹೋಗ್ಬೇಕಾ?

ಸರಿ. ಹಾಗಾದ್ರೆ ಕೈ ಕೊಡಿ. ಮೂರನೇ ಕಲ್ಲು ಬಂದಾಗ ನಾನು ಹೇಳ್ತೀನಿ.