ಬಾವಿ ನೀರಿನ ಬಾಟಲಿ

ನೀರು ಪರೀಕ್ಷೆಯ ಕೌಂಟರಿನಲ್ಲಿ ಚೀಟಿ ಬರೆಯುತ್ತಿದ್ದ ಹುಡುಗಿ ತಲೆಯೆತ್ತಲಿಲ್ಲ. ಎದುರಿನ ಬೆಂಚಿನಲ್ಲಿ ಅಣ್ಣ, ತಂಗಿ ಬಾಟಲಿ ಹಿಡಿದು ಸರದಿಗೆ ಕಾಯುತ್ತಿದ್ದರು.

“ಆ ಮನೆ ಕೊಂಡ್ರೆ, ನಾಳೆ ಊರೆಲ್ಲ ಬಂದ್ ಆದ್ರೂ ನಮಗೆ ಯಾರ ಹಂಗೂ ಇರಲ್ಲ ಕಣೇ. ನಮ್ಮದೇ ಬಾವಿ, ನಮ್ಮದೇ ತರಕಾರಿ, ವರ್ಷಕ್ಕಾಗೋ ಅಕ್ಕಿ.”

“ಸಮುದ್ರದ ದಡದಲ್ಲಿ, ಗೋಡೆಗೆ ಗೋಡೆ ತಾಗಿರೋ ಮನೆಗಳ ಮಧ್ಯೆ?”

“ಜನ ಇದ್ರೆ ಧೈರ್ಯ.”

“ಅಕ್ಕಿ ನಿನ್ನ ಮನೇಲಿ, ಹಸಿವು ಪಕ್ಕದ ಮನೇಲಿ. ಎಷ್ಟು ದಿನ ಬಾಗಿಲು ಹಾಕ್ಕೊಂಡಿರ್ತೀಯ? ನೀರು ಉಕ್ಕಿದ್ರೆ ಅಷ್ಟೂ ಜನಕ್ಕೆ ಪಾರಾಗೋಕೆ ಒಂದೇ ಸೇತುವೆ.”

“ನಿನ್ನ ಕೊಂಕು ಮುಗಿಯಲ್ಲ. ಅಮ್ಮ ಒಪ್ಪಿದಾಳೆ. ಈಗಿರೋ ಮನೆ ಮಾರೋಕೆ ನಿನ್ನ ಸಹಿ ಒಂದೇ ಬಾಕಿ.”

“ಬಾವಿ ನೀರು ಸಿಹಿ ಅಂತ ರಿಪೋರ್ಟ್ ಬರಲಿ, ಹಾಕ್ತೀನಿ ಅಂದಿದೀನಲ್ಲ. ಬಾಟಲಿ ಕೊಡು ಇಲ್ಲಿ.”

ಮುಚ್ಚಳ ತಿರುಗಿಸಿದ ಸದ್ದಾಯಿತು.

“ಬ್ಲೀಚಿಂಗ್ ವಾಸನೆ. ಇದು ನಮ್ಮ ಬಚ್ಚಲ ನಲ್ಲಿ ನೀರು ಕಣೋ.”

“ಆ ಬಾವೀದು… ಈಗ ಸ್ವಲ್ಪ ಉಪ್ಪು. ಮಳೆ ಬಂದ್ರೆ ಸರಿಹೋಗುತ್ತೆ.”

“ಅಲ್ಲೀವರೆಗೆ ಅಮ್ಮನಿಗೆ ಏನು ಕುಡಿಸೋಣ ಅಂತಿದ್ದೆ?”

ತಂಗಿ ಎದ್ದು ಹೊರಟಳು. ಅವಳ ಹೆಸರು ಹಿಡಿದು ಕರೆಯುತ್ತಾ ಅಣ್ಣನೂ ಓಡಿದ. ಬಾಟಲಿ ಬೆಂಚಿನ ಮೇಲೇ ಉಳಿಯಿತು. ಅದಕ್ಕೆಂದು ಬರೆದಿಟ್ಟಿದ್ದ ‘ಬಾವಿ ನೀರು’ ಚೀಟಿಯನ್ನು ಹುಡುಗಿ ಸದ್ದಿಲ್ಲದೆ ಹರಿದು ಹಾಕಿದಳು.