ಗ್ವಾಡಿ ಮ್ಯಾಲಿನ ಸಾಬಣ್ಣ

ಸುವರ್ಣಾ, ಆ ಬಾಗಿಲ ಮುಂದ ಮಾಡು. ಫೋನೂ ತೆಳಗಿಡು. ನಾ ಹೇಳೂದು ಯಾರೋ ಎಲ್ಲೋ ಕೇಳಿದ್ದಲ್ಲ, ನನ್ನ ಸ್ವಂತ ಮೈದುನ ಹುಲಗೇಶಂದು. ನಡುವ ಕಿಸಕ್ಕಂತ ನಕ್ಕಿ ಅಂದ್ರ ಅಲ್ಲಿಗೇ ಬಿಡ್ತೀನಿ ನೋಡು.

ಹೋದ ವರ್ಷ ಚಳಿಗಾಲ. ಹುಲಗೇಶ ಸಿಕಂದರಾಬಾದ್‌ದಾಗ ಒಂದು ಸಣ್ಣ ಗ್ಯಾಲರಿ ಒಳಗ ದಗದ ಮುಗಿಸಿ ಮನಿಗಿ ಹೊಂಟಿದ್ದ. ಗ್ಯಾಲರಿ ಅಂದ್ರ ಚಿತ್ರ, ಮೂರ್ತಿ ಇಟ್ಟು ಮಂದೀಗಿ ತೋರಸ್ತಾರಲ್ಲ, ಅದು. ಮರುದಿನ ಅಲ್ಲಿ ಪ್ರದರ್ಶನ ಇತ್ತು, ಅದಕ್ಕ ತಡಾ ಆಗಿತ್ತು. ಬಸ್ಸಿಗಿ ಹೋಗೂ ಸಂದ್ಯಾಗ ಒಂದು ಹಳೇ ಬಾವಿ, ಮ್ಯಾಲ ಕಬ್ಬಣದ ಜಾಳಗಿ ಹಾಕ್ಯಾರ. ಬಾಜೂಕ ಆಲದ ಮರ. ಮರದ ಕಟ್ಟಿ ಮ್ಯಾಲ ಒಬ್ಬಾಂವ ಬೆನ್ನ ಮಾಡಿ ಕುಂತಿದ್ದ…

ಮೊದಲ ಸಪ್ಪಳ ಕೇಳಿಸ್ತಂತ. ಟಕ್… ಟಕ್… ಟಕ್. ಬೆರಳಿಲೆ ಕಟ್ಟಿಗಿ ಹಲಗಿ ಬಡದಂಗ. ಅದು ನೋಡಿದ್ರ ಕಲ್ಲಿನ ಕಟ್ಟಿ, ಅಲ್ಲಿ ಹಲಗಿ ಎಲ್ಲಿಂದ ಬರಬೇಕು?

"ಹುಲಗ್ಯಾ," ಅಂದ ಆ ಕುಂತಾಂವ. ಭಾಳ ಸಣ್ಣ ದನಿ. "ನಾ ಬಡದೆ. ಕೇಳಸಲಿಲ್ಲೇನು?"

ಹುಲಗೇಶ ದನಿ ಗುರತ ಹಿಡದು ನಿಂತ. "ಕೇಳಿಸ್ತು… ಸಾಬಣ್ಣಾ."

"ಮತ್ತ?"

"ಸಾಹೇಬ ಬ್ಯಾಡಂದ."

"ನನ್ನ ಬಂಡೆಮ್ಮಗ ಹೇಳು. ನಾಳೀಗೆ. ಎಲ್ಲಾರ ಎದುರಿಗಿ ಹೇಳು."

ಅಷ್ಟ. ಕಣ್ಣ ಪಿಳುಕಿಸೂದ್ರಾಗ ಕಟ್ಟಿ ಖಾಲಿ. ಸಾಬಣ್ಣ ಸತ್ತು ಅವತ್ತಿಗಿ ತಿಂಗಳಾಗಿತ್ತು ಸುವರ್ಣಾ.

ತಡಿ, ಹೆಂಗ ಸತ್ತ ಹೇಳ್ತೀನಿ. ಹುಲಗೇಶಂದು ಪಿಒಪಿ ದಗದ. ದೊಡ್ಡ ಮನಿಗೋಳಾಗ ಸೀಲಿಂಗಿಗಿ ಬೆಳ್ಳಗ ಬಳೀತಾರಲ್ಲ, ಆ ಪುಡಿ. ನೀರಾಗ ಕಲಸಿದ್ರ ಹತ್ತು ನಿಮಿಷದಾಗ ಕಲ್ಲಾಗ್ತೈತಿ, ಕಲ್ಲಾಗೂ ಮುಂದ ಬಿಸಿ ಆಗ್ತೈತಿ, ಅದರ ಗುಣಾನ ಹಂಗ. ಒಂದಿನ ಗಚ್ಚಿಬೌಲಿ ಅಡ್ಡಾಕ್ಕ, ಮುಂಜಾನೆ ಕೂಲಿಗಿ ನಾವು ನಿಂದ್ರತೀವಲ್ಲ ಅಲ್ಲಿಗಿ, ನಿಶಾಂತ ಅಂತ ಒಬ್ಬ ಮೂರ್ತಿ ಮಾಡಾಂವ ಬಂದ. ಕಾರಿನಿಂದ ಇಳದು ಕನ್ನಡದಾಗ ಮಾತಾಡ್ಯಾನ! ಅವರ ಮುತ್ಯಾ ನಿಜಾಮನ ಕಾಲಕ್ಕ ಕಲಬುರಗಿಯಿಂದ ಸರಕಾರಿ ನೌಕರಿಗಿ ಬಂದಾಂವಂತ. "ಈ ಊರು ಕಟ್ಟಿದವರು ನೀವು, ನಿಮ್ಮ ಮುಖಾ ಯಾರೂ ನೋಡಿಲ್ಲ. ಅಚ್ಚು ತಗದು ಗ್ವಾಡಿಗಿ ಹಚ್ಚತೀನಿ, ಊರಿಗೂರೇ ಬಂದು ನೋಡಬೇಕು," ಅಂದ. ನಮ್ಮ ಮಂದಿ ಕರಗಿ ಹೋದ್ರು. ಪರಊರಾಗ ನಮ್ಮ ಮಾತಾಡಾಂವ ಸಿಕ್ರ ನಮಗ ಬುದ್ಧಿ ಎಲ್ಲಿ ಇರ್ತೈತಿ? ಹುಲಗೇಶಗ ಪಿಒಪಿ ಕಲಸೂ ದಗದ ಕೊಟ್ಟ. ನಲವತ್ತು ಮಂದಿ ಮುಖಾ ತಗದ್ರು.

ಹೆಂಗ ತಗೀತಾರ ಗೊತ್ತೇನು? ಹಲಗಿ ಮ್ಯಾಲ ಅಂಗಾತ ಮಲಗಸ್ತಾರ. ಮೂಗಿನ್ಯಾಗ ಎರಡು ಸಣ್ಣ ನಳಗಿ, ಎಳನೀರು ಕುಡೀತೀವಲ್ಲ, ಅಂಥಾವು. ಕಣ್ಣು, ಬಾಯಿ, ಎಲ್ಲಾದರ ಮ್ಯಾಲ ಪಿಒಪಿ. ಬಾಯಿ ಬಿಡಾಕ ಬರೂದಿಲ್ಲ. ತ್ರಾಸಾದ್ರ ಕೈಲೆ ಹಲಗಿ ಮೂರು ಸಲ ಬಡೀಬೇಕು, ಆವಾಗ ತಗದು ಬಿಡೂದು. ಹಂಗಂತ ಮಾತಾಗಿತ್ತು.

ಸಾಬಣ್ಣ ಕಡೀಕ ಮಲಗಿದ. ಸಿಮೆಂಟ್ ಚೀಲ ಹೊತ್ತು ಹೊತ್ತು ಅವನ ಎದಿ ಹಾಳಾಗಿತ್ತು, ನಮ್ಮ ಬಾಜೂ ಖೋಲ್ಯಾಗ ರಾತ್ರಿ ಪೂರಾ ಕೆಮ್ಮತಿದ್ದ. ನಳಗ್ಯಾಗ ಉಸರು ಸುಂಯ್… ಸುಂಯ್… ಅಂತಿತ್ತು. ಆಮ್ಯಾಲ ಗೊರ್ರ್ ಅಂತು. ಕಫಾ ಬಂದು ಕಟ್ಟಿತು. ಟಕ್, ಟಕ್, ಟಕ್. ಹುಲಗೇಶ ತಗ್ಯಾಕ ಕೈ ಹಾಕ್ದ. ನಿಶಾಂತ ಅವನ ಮಣಿಕಟ್ಟ ಹಿಡದ. "ತಡಿಯೋ, ಈಗ ತಗದ್ರ ಅಚ್ಚು ಕೆಡ್ತೈತಿ. ಇಂಥಾ ಮುಖಾ ಮತ್ತ ಸಿಗೂದಿಲ್ಲ." ಸಾಬಣ್ಣ ಮತ್ತ ಬಡದ… ಮತ್ತ ಬಡದ. ಆಮ್ಯಾಲ ಕೈ ಜೋತು ಬಿತ್ತು.

ಆ ನಿಶಾಂತನ ಕೈ ಸೇದಿ ಹೋಗ್ಲಿ, ಹಿಡದಾನ ನೋಡು ಆ ಕೈ!

ಸಾಬಣ್ಣನ ಹೇಣ್ತಿ ಬಂಡೆಮ್ಮಗ ಏನಂತ ಹೇಳಿದ್ರು? ಚಹಾ ಕುಡುದು ಕುಂತಿದ್ದ, ಎದಿ ನೋವು ಬಂತು, ಹೋದ. ಆಕಿ ದಿನಾ ಸಂಜಿಗಿ ನಮ್ಮ ಹೊಸ್ತಲಾಗ ಬಂದು ಕುಂದರಾಕಿ. "ಹುಲಗೇಶಾ, ನೀ ಅಲ್ಲೇ ಇದ್ದೆಲ್ಲೋ ತಮ್ಮಾ. ಕಡೀಗಿ ಏನರ ಅಂದನೇನು?" ಇಂವ ತಲಿ ತೆಳಗ ಹಾಕಿ "ಏನೂ ಅನ್ನಲಿಲ್ಲಕ್ಕಾ" ಅನ್ನಾಂವ. ಯಾಕಂದ್ರ ನಿಶಾಂತ ಹೆದರಿಸಿದ್ದ, "ಪಿಒಪಿ ಹಾಕಿದ್ದು ನಿನ್ನ ಕೈ, ಜೇಲಿಗಿ ಹೋಗಾಂವ ನೀನ," ಅಂತ. ಮೈದುನ ಆದ್ರೇನು, ಆ ಸುಳ್ಳಿಗಿ ನಾ ಇವತ್ತಿಗೂ ಅವಗ ಬೈತೀನಿ. ಗಂಡ ಹೆಂಗ ಸತ್ತ ಅನ್ನೂದಷ್ಟ ಕೇಳಾಕತ್ತಿದ್ಲು ಆಕಿ, ಮತ್ತೇನು ಕೇಳಿದ್ಲು?

ಸಾಬಣ್ಣ ಕಟ್ಟಿ ಮ್ಯಾಲ ಕಂಡ ಮರುದಿನ ಸಂಜಿಗಿ ಪ್ರದರ್ಶನ. ಕತ್ತಲಾಗ ಅಲ್ಲ ಮತ್ತ, ಆರೂವರಿಗಿ, ದೀಪ ಝಗಝಗ ಅಂತಿದ್ವು. ಮಂದಿ ಕೈಯಾಗ ಚಹಾ, ಬಾಯಾಗ ಇಂಗ್ಲಿಷು. ಗ್ವಾಡಿ ತುಂಬ ಬೆಳ್ಳನ ಮುಖಾ. ನಟ್ಟ ನಡುವ ಸಾಬಣ್ಣ, ಅವಗೊಬ್ಬವಗ ಬ್ಯಾರೆ ದೀಪ. ನಾಚಿಕಿ ಬ್ಯಾಡೇನು, ತಾ ಕೊಂದ ಮುಖಾನ ನಡುವ ಹಚ್ಯಾನ! ಬಂಡೆಮ್ಮಗೂ ಕರಿಸಿದ್ದ. ಅದರ ಬಾಜೂಕ ನಿಂದ್ರಿಸಿ ಫೋಟೋ ತಗದ್ರು. ನಿಶಾಂತ ಮೈಕ್ ಹಿಡದು ಹಿಂದಿ ಒಳಗ ಅಂದ, "ನೋಡ್ರಿ, ದುಡದು ದಣದ ಮನಶ್ಯಾ ಎಷ್ಟು ಶಾಂತ ಮಲಗ್ಯಾನ."

"ಮಲಗಿದ್ದಲ್ಲರಿ ಇದು," ಅಂದ್ಲು ಬಂಡೆಮ್ಮ. "ಹದಿನೆಂಟ ವರ್ಷ ಬಾಜೂಕ ಮಲಗೀನಿ, ನನಗ ಗೊತ್ತಾಗೂದಿಲ್ಲೇನು?" ಅನಕೋತ ಗಲ್ಲಕ್ಕ ಕೈ ಹಚ್ಚಿದ್ಲು. ಹಚ್ಚಿದಾಕಿ ಹಿಂದ ಸರದ್ಲು. "ಹುಲಗೇಶಾ… ಬಿಸಿ ಐತೋ."

ಇಂವ ಮುಟ್ಟಿದ. ಎಂದೋ ಒಣಗಿದ ಪಿಒಪಿ, ಈಗಷ್ಟ ಕಲಸಿದಂಗ ಬಿಸಿ. ಅಷ್ಟರಾಗ ಗ್ವಾಡ್ಯಾಗಿಂದ… ಟಕ್… ಟಕ್… ಟಕ್. ಎಲ್ಲಾರಿಗೂ ಕೇಳಿಸ್ತು. ಮಂದಿ ಇದೂ ಪ್ರದರ್ಶನದಾಗಿಂದ ಅಂತ ತಿಳದು ಚಪ್ಪಾಳಿ ಹೊಡದ್ರು, ಯವ್ವಾ!

ಧೈರ್ಯ ಬಂದು ಅಲ್ಲ, ಹೆದರಿಕಿ ತಡೀಲಾರದ ಹುಲಗೇಶ ಬಾಯಿ ಬಿಟ್ಟ. "ಬಂಡಕ್ಕಾ, ಸಾಬಣ್ಣ ಬಡದಿದ್ದ. ತಗೀರಿ ಅಂತ ಬಡದಿದ್ದ. ನಾವು ತಗೀಲಿಲ್ಲ."

"ಸು…" ಅಂದ ನಿಶಾಂತ. ಸುಳ್ಳು ಅನ್ನಾಂವ ಇದ್ದ. ಮುಂದ ಬಾಯಿ ತೆರೀವಲ್ದು. ಎರಡೂ ತುಟಿ ಹತ್ತಿ ಹೋದಂಗ. ಕಣ್ಣು ಮುಚ್ಚಿದ್ವು, ಅವೂ ತೆರೀವಲ್ವು. ಮೂಗಿನ್ಯಾಗಿಂದ ಸುಂಯ್… ಸುಂಯ್… ಮೈಕ್ ಮುಖದ ಮುಂದ ಇತ್ತಲ್ಲ, ಖೋಲಿ ತುಂಬ ಅದೇ ಸಪ್ಪಳ. ಕುರ್ಚಿ ಮ್ಯಾಲ ಕುಸದ. ಕೈಲೆ ಚಹಾದ ಟೇಬಲ್ ಬಡದ. ಮೂರು ಸಲ. ಮಂದಿ ಮತ್ತ ಚಪ್ಪಾಳಿ. ಫೋನ್ ಎತ್ತಿ ವಿಡಿಯೋ ಮಾಡಾಕತ್ರು.

ಹಂಗ ಬಡದ್ರ ಏನಂತ ಹುಲಗೇಶಗೊಬ್ಬವಗ ಗೊತ್ತಿತ್ತು. ಅವನ ಕಡಿ ಓಡಿದ. ಬಂಡೆಮ್ಮ ನಡುವ ಬಂದು ನಿಂತ್ಲು.

"ಎಲ್ಲಿಗಿ? ಮೊದಲ ನನಗ ಪೂರ್ತಿ ಹೇಳು."

"ಅಕ್ಕಾ, ಅಂವ ಸಾಯಾಕತ್ಯಾನ…"

"ಹೇಳು. ಮೊದಲಿಂದ. ಏನೂ ಬಿಡಬ್ಯಾಡ."

ಹೇಳಿದ ಸುವರ್ಣಾ. ಹಲಗಿ ಮ್ಯಾಲ ಮಲಗಿಸಿದ್ದು, ನಳಗಿ ಇಟ್ಟಿದ್ದು, ಎಷ್ಟು ಸಲ ಬಡದ, ಯಾರು ಯಾರ ಕೈ ಹಿಡದ್ರು… ಒಂದೊಂದ. ಆಕಿ ನಡುನಡುವ "ಆಮ್ಯಾಲ?" ಅನ್ನಾಕಿ. ಹಿಂದ ಟೇಬಲ್ ಟಕ್ ಟಕ್ ಅಂತಿತ್ತು, ಆಕಿ ತಿರುಗಿ ನೋಡಲಿಲ್ಲ. ಇವನ ಮಾತು ಮುಗೀತು, ಅದೂ ಮುಗೀತು. ಆವಾಗ ಅತ್ಲು ನೋಡು, ಗಂಡ ಸತ್ತ ಮ್ಯಾಲ ಮೊದಲ ಸಲ, ಬಾಯಿ ಬಿಟ್ಟು. ಪಾಪ ಅಂತೀಯೇನು ನೀ ಆ ನಿಶಾಂತಗ? ನಾ ಅನ್ನೂದಿಲ್ಲ. ಚಲೋ ಆತು ಅಂತೀನಿ, ಯಾರ ಮುಂದ ಬೇಕಾದ್ರೂ ಅಂತೀನಿ.

ಸಾಬಣ್ಣನ ಮುಖಾ ಆಕೀನ ಗ್ವಾಡಿಯಿಂದ ಇಳಿಸಿ ಸೆರಗಿನ್ಯಾಗ ಸುತಗೊಂಡ್ಲು. ರೈಲು ಹತ್ತಿ ಊರಿಗಿ ಒಯ್ದು ಅವನ ಕುಣಿ ಬಾಜೂಕ ಹುಗದು ಬಂದ್ಲು. ಪೊಲೀಸರು ಬಂದ್ರು, ಹುಲಗೇಶ ಅವರಿಗೂ ಎಲ್ಲಾ ಹೇಳಿದ. ದವಾಖಾನ್ಯಾಗ ಡಾಕ್ಟರ್ ನಿಶಾಂತನ ಮೂಗು, ಗಂಟಲಾ ನೋಡಿ, ಏನೂ ಇಲ್ಲ, ಸ್ವಚ್ಛ ಐತಿ ಅಂತ ಬರದ.

ಆದ್ರ ನಿಶಾಂತನ ಹೆಣ ಗಾಡಿಗಿ ಎತ್ತೂ ಮುಂದ ಕಾಲು ಹಿಡದಾಂವ ನನ್ನ ಮೈದುನ. ಅಂವ ನೋಡ್ಯಾನ. ನಿಶಾಂತಗ ದಪ್ಪ ಹುಬ್ಬು ಇದ್ವು. ಅವತ್ತ ಸಂಜಿಗಿ ತಗದ ಫೋಟೋ ಬಂಡೆಮ್ಮನ ಫೋನಿನ್ಯಾಗ ಐತಿ, ಹೋಗಿ ನೋಡು ಬೇಕಾದ್ರ, ಅದರಾಗ ಅದಾವ. ಹೆಣದ ಮುಖದ ಮ್ಯಾಲ ಒಂದು ಕೂದಲ ಇರಲಿಲ್ಲ. ಹುಬ್ಬಿಲ್ಲ, ರೆಪ್ಪಿ ಕೂದಲ ಇಲ್ಲ. ಬೋಳಿಸಿದ್ದಲ್ಲ… ಕಿತ್ತಿದ್ದು. ಎಣ್ಣಿ ಹಚ್ಚಲಾರದ ಪಿಒಪಿ ಹಾಕಿ ಎಳದ್ರ ಹಂಗ ಕಿತ್ತು ಬರ್ತಾವ, ಹುಲಗೇಶನ ಮುಂಗೈ ದಿನಾ ನೋಡ್ತೀನಲ್ಲ ನಾ. ಅವತ್ತ ಅಲ್ಲಿ ಯಾರೂ ಪಿಒಪಿ ಕಲಸಿದ್ದಿಲ್ಲ.

ಖರೇ ಸುವರ್ಣಾ. ನನ್ನ ಮಕ್ಕಳ ಆಣಿ, ಹುಬ್ಬಿನ ಜಾಗಾ ಕೆಂಪಗಿತ್ತಂತ.